ಬೆಳಗಿನ ಬೆರಳ ಬಿಗಿತವನ್ನು ಓದುವ ಬಗೆ: ರುಮಟಾಯ್ಡ್ ಸಂಧಿವಾತ ಮತ್ತು ದಾರಿತಪ್ಪಿದ ಉರಿಯೂತ

ಕೀಲುನೋವು ಎಂದೊಡನೆ ವಯಸ್ಸು, ವಾಯು, ಚಳಿ ಈ ಮೂರರಲ್ಲಿ ಒಂದರ ಮೇಲೆ ಹೊಣೆ ಹೊರಿಸಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆದರೆ ಮೂವತ್ತೈದು ನಲವತ್ತರ ವಯಸ್ಸಿನಲ್ಲಿ, ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳು ಮಡಚಲು ಬಾರದೆ, ಹಲ್ಲುಜ್ಜುವ ಬ್ರಷ್ ಹಿಡಿಯುವುದೂ ಕಷ್ಟವಾಗಿ, ಹೊತ್ತೇರಿದಂತೆ ತಾನಾಗಿ ಸಡಿಲವಾಗುವ ನೋವು ಸವೆತದ ನೋವಲ್ಲ. ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನೊಳಗೆ ನಡೆಸುತ್ತಿರುವ ಯುದ್ಧದ ಸದ್ದಾಗಿರಬಹುದು. ಅಂಥ ನೋವನ್ನು ಗುರುತಿಸುವುದು, ರಕ್ತಪರೀಕ್ಷೆಯ ವರದಿಯನ್ನು ಅರ್ಥಮಾಡಿಕೊಳ್ಳುವುದು, ಕೊಟ್ಟ ಔಷಧಿಯನ್ನು ಅಪಾಯವಿಲ್ಲದೆ ಸೇವಿಸುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಇದು ವೈದ್ಯರ ಬದಲಿಗಲ್ಲ. ವೈದ್ಯರ ಎದುರು ಕುಳಿತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬ ಸಿದ್ಧತೆಗೆ.

ಮೊದಲು, ಒಳಗೆ ನಡೆಯುತ್ತಿರುವುದೇನು?

ಉರಿಯೂತ ಎಂಬ ನಮ್ಮ ಪದ ಬಹಳ ಅಚ್ಚುಕಟ್ಟಾದದ್ದು: ಉರಿ ಮತ್ತು ಊತ ಎರಡನ್ನೂ ಅದು ಒಟ್ಟಿಗೆ ಹೇಳಿಬಿಡುತ್ತದೆ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇದರ ಲಕ್ಷಣಗಳನ್ನು ನಾಲ್ಕಾಗಿ ಪಟ್ಟಿ ಮಾಡಿದ್ದ: ಕೆಂಪು, ಊತ, ಬಿಸಿ, ನೋವು. ಅಂಗದ ಕೆಲಸ ನಿಲ್ಲುವುದು ಎಂಬ ಐದನೆಯದನ್ನು ನಂತರದವರು ಸೇರಿಸಿದರು. ಕಾಲಿಗೆ ಮುಳ್ಳು ಚುಚ್ಚಿದಾಗ ಆಗುವುದೂ ಇದೇ. ಗಾಯದ ಬಳಿಯ ಕೋಶಗಳು ಹಿಸ್ಟಮಿನ್, ಪ್ರೋಸ್ಟಗ್ಲಾಂಡಿನ್ ಮೊದಲಾದ ರಾಸಾಯನಿಕಗಳನ್ನು ಸುರಿಸುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗಿ ಬಿಸಿಯಾಗುತ್ತದೆ. ನಾಳದ ಗೋಡೆ ಸಡಿಲಗೊಂಡು ನೀರು ಹೊರಜಿನುಗುವುದರಿಂದ ಊದಿಕೊಳ್ಳುತ್ತದೆ. ಬಿಳಿ ರಕ್ತಕಣಗಳು ಅದೇ ಸಂದಿಯಿಂದ ಹೊರಬಂದು ರೋಗಾಣುಗಳನ್ನು ನುಂಗುತ್ತವೆ. ಕೆಲಸ ಮುಗಿದ ಮೇಲೆ ಭಕ್ಷಕ ಕೋಶಗಳು ಕಸ ಗುಡಿಸುತ್ತವೆ, ಊತ ಇಳಿಯುತ್ತದೆ. ಈ ವ್ಯವಸ್ಥೆ ಇಲ್ಲದಿದ್ದರೆ ಒಂದು ಸಣ್ಣ ಗಾಯವೇ ನಮ್ಮನ್ನು ಕೊಂಡೊಯ್ಯುತ್ತಿತ್ತು.

ರುಮಟಾಯ್ಡ್ ಸಂಧಿವಾತದಲ್ಲಿ ಕೆಡುವುದು ಈ ಕೊನೆಯ ಹಂತ. ಮುಳ್ಳಾದರೆ ಒಮ್ಮೆ ಹೊರಬೀಳುತ್ತದೆ; ಆದರೆ ಇಲ್ಲಿ ಶತ್ರುವೆಂದು ತಪ್ಪಾಗಿ ಗುರುತಿಸಲ್ಪಟ್ಟಿರುವುದು ದೇಹದ್ದೇ ಪ್ರೋಟೀನುಗಳಾದ್ದರಿಂದ ಯುದ್ಧಕ್ಕೆ ಮುಕ್ತಾಯವೆಂಬುದೇ ಇರುವುದಿಲ್ಲ. ನಮ್ಮ ಪ್ರೋಟೀನುಗಳಲ್ಲಿರುವ ಅರ್ಜಿನಿನ್ ಎಂಬ ಅಮೈನೋ ಆಮ್ಲ ಕೆಲವೊಮ್ಮೆ ಸಿಟ್ರುಲಿನ್ ಆಗಿ ಬದಲಾಗುತ್ತದೆ. ಹೊಗೆ ಸೇದುವವರ ಶ್ವಾಸಕೋಶದಲ್ಲಿ, ಹಲ್ಲಿನ ವಸಡು ಕೊಳೆತಿರುವವರ ಬಾಯಲ್ಲಿ ಈ ಬದಲಾವಣೆ ಹೆಚ್ಚು. ಕೆಲವು ವಂಶವಾಹಿಗಳನ್ನು ಹೊತ್ತವರ ರೋಗನಿರೋಧಕ ವ್ಯವಸ್ಥೆ ಹೀಗೆ ಬದಲಾದ ಪ್ರೋಟೀನನ್ನು ಪರಕೀಯವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ. ಮೊದಲ ನೋವು ಕಾಣಿಸಿಕೊಳ್ಳುವುದಕ್ಕಿಂತ ವರ್ಷಗಳ ಮುಂಚೆಯೇ ಈ ಪ್ರತಿಕಾಯಗಳು ರಕ್ತದಲ್ಲಿ ಇರಬಲ್ಲವು.

ಮುಂದೆ ಯುದ್ಧ ಕೀಲಿಗೆ ಬರುತ್ತದೆ. ಕೀಲಿನ ಒಳಗೋಡೆಗೆ ಅಂಟಿಕೊಂಡಿರುವ, ಒಂದೆರಡು ಪದರ ಕೋಶಗಳಷ್ಟೇ ದಪ್ಪದ ಪೊರೆಯ ಕೆಲಸ ಕೀಲಿಗೆ ಎಣ್ಣೆಯಂಥ ದ್ರವ ಒದಗಿಸುವುದು. ಅದರೊಳಗೆ ಬಿಳಿ ರಕ್ತಕಣಗಳು ನುಗ್ಗಿ, ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನುಗಳ ಮೂಲಕ ಒಂದನ್ನೊಂದು ಕೆರಳಿಸುತ್ತ ಹೋದಂತೆ, ಪೊರೆ ದಪ್ಪಗಾಗಿ ಗಡ್ಡೆಯಂತೆ ಬೆಳೆದು ಮೃದ್ವಸ್ಥಿಯನ್ನೂ ಅದರಡಿಯ ಮೂಳೆಯನ್ನೂ ಕೊರೆಯತೊಡಗುತ್ತದೆ. ಹೀಗೆ ಕೊರೆದುಹೋದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ನೋವಿನ ಮಾತ್ರೆ ನೋವನ್ನು ಕಡಿಮೆ ಮಾಡಬಹುದು, ಕೊರೆತವನ್ನು ನಿಲ್ಲಿಸಲಾರದು. ಈ ಲೇಖನದ ಉಳಿದ ಎಲ್ಲ ಸಲಹೆಗಳೂ ಈ ಒಂದು ಮಾತಿನಿಂದಲೇ ಹೊರಟವು.

ಗಡಿಯಾರ ನೋಡಿ ಬರೆದಿಡಿ

ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ವಾರ ಚಿಕ್ಕ ಪುಸ್ತಕವೊಂದರಲ್ಲಿ ಮೂರು ಸಂಗತಿಗಳನ್ನು ಬರೆದಿಡಿ. ಹಾಸಿಗೆಯಿಂದ ಎದ್ದ ಸಮಯ ಮತ್ತು ಬೆರಳು ಸಲೀಸಾಗಿ ಮಡಚಲು ಬಂದ ಸಮಯ. ನೋಯುವ ಕೀಲುಗಳು ಯಾವುವು. ಅವುಗಳಲ್ಲಿ ಕಣ್ಣಿಗೆ ಕಾಣುವಂತೆ ಊದಿಕೊಂಡವು ಯಾವುವು. ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟುಕೊಂಡು, ಸಂಜೆ ದುಡಿದ ಮೇಲೆ ನೋವು ಹೆಚ್ಚಾದರೆ ಅದು ಬಹುಮಟ್ಟಿಗೆ ಸವೆತದ್ದು. ಅರ್ಧ ಗಂಟೆ, ಒಂದು ಗಂಟೆ ಮೀರಿದ ಬಿಗಿತ, ವಿಶ್ರಾಂತಿಯಿಂದ ಹೆಚ್ಚಾಗಿ ಚಲನೆಯಿಂದ ಕಡಿಮೆಯಾಗುವ ನೋವು ಉರಿಯೂತದ ಕಡೆಗೆ ಬೆರಳು ತೋರಿಸುತ್ತದೆ.

ಯಾವ ಗೆಣ್ಣು ಎಂಬುದೂ ಮುಖ್ಯ. ರುಮಟಾಯ್ಡ್ ಸಂಧಿವಾತ ಬೆರಳ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟು ಮತ್ತು ಪಾದದ ಮುಂಭಾಗದ ಕೀಲುಗಳನ್ನು ಹಿಡಿಯುತ್ತದೆ. ಉಗುರಿನ ಬಳಿಯ ತುದಿಗೆಣ್ಣನ್ನು ಸಾಮಾನ್ಯವಾಗಿ ಬಿಡುತ್ತದೆ. ಎಡಗೈಯಲ್ಲಿ ಹಿಡಿದದ್ದು ಬಲಗೈಯಲ್ಲೂ ಹಿಡಿಯುವುದು ಇದರ ಸ್ವಭಾವ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ: ಬಳೆ ತೊಡಿಸುವಾಗ ಕೈಯನ್ನು ಒತ್ತುತ್ತಾರಲ್ಲ, ಹಾಗೆ ಬೆರಳ ಬುಡದ ಗೆಣ್ಣುಗಳನ್ನು ಅಡ್ಡಲಾಗಿ ಮೆಲ್ಲಗೆ ಒತ್ತಿಸಿಕೊಳ್ಳಿ. ಜೀವ ಹೋಗುವಂತೆ ನೋಯುವುದಾದರೆ ತಡಮಾಡಬೇಡಿ.

ಇದನ್ನೇ ಹೋಲುವ ಬೇರೆ ಕಾಯಿಲೆಗಳೂ ಇವೆ. ನಮ್ಮ ರಾಜ್ಯದವರು ಮರೆಯಬಾರದ್ದು ಚಿಕುನ್‌ಗುನ್ಯಾ. 2006ರಲ್ಲಿ ಅದು ಕರ್ನಾಟಕವನ್ನು ಆವರಿಸಿದಾಗ ಊರಿಗೆ ಊರೇ ಬೆನ್ನು ಬಾಗಿಸಿ ನಡೆದದ್ದು ಅನೇಕರಿಗೆ ನೆನಪಿರಬಹುದು. ಆ ಹೆಸರಿಗೂ ಕೋಳಿಗೂ ಸಂಬಂಧವಿಲ್ಲ. 1952ರಲ್ಲಿ ಇಂದಿನ ಟಾಂಜಾನಿಯಾದ ಮಕೊಂಡೆ ಜನರಲ್ಲಿ ರೋಗ ಗುರುತಿಸಲ್ಪಟ್ಟಾಗ ಮೈ ಮುದುಡಿಕೊಳ್ಳುವುದು ಎಂಬರ್ಥದ ಅವರ ಮಾತೇ ಹೆಸರಾಯಿತು. ಈ ಜ್ವರದ ನಂತರ ಎರಡೂ ಕೈಗಳ ಗೆಣ್ಣು ತಿಂಗಳುಗಟ್ಟಲೆ ಊದಿ, ರುಮಟಾಯ್ಡ್ ಎಂದೇ ಭ್ರಮೆ ಹುಟ್ಟಿಸಬಹುದು. ಆದ್ದರಿಂದ ಇತ್ತೀಚೆಗೆ ಜ್ವರ ಬಂದಿತ್ತೇ, ಮನೆಯಲ್ಲಿ ಬೇರೆಯವರಿಗೂ ಬಂದಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ. ಒಂದೇ ರಾತ್ರಿಯಲ್ಲಿ ಕಾಲಿನ ಹೆಬ್ಬೆರಳ ಬುಡ ಕೆಂಡದಂತಾದರೆ ಅದು ಯೂರಿಕ್ ಆಮ್ಲದ ಗೌಟ್ ಇರಬಹುದು. ಶಾಲೆಗೆ ಹೋಗುವ ಮಗುವಿಗೆ ಗಂಟಲು ನೋವಾದ ಎರಡು ಮೂರು ವಾರಕ್ಕೆ ಕೀಲಿನಿಂದ ಕೀಲಿಗೆ ಹಾರುವ ನೋವು ಬಂದರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಹೆಸರು ಹತ್ತಿರದ್ದಾದರೂ ಅದು ಹೃದಯದ ಕವಾಟಗಳನ್ನು ಕೆಡಿಸುವ ಬೇರೆಯೇ ಕಾಯಿಲೆ, ಅಲ್ಲಿ ಒಂದು ದಿನವೂ ಕಾಯಬಾರದು. ಒಂದೇ ಕೀಲು ಊದಿ ಚಳಿಜ್ವರವೂ ಇದ್ದರೆ ಕೀವಿನ ಸೋಂಕಿರಬಹುದು. ಆಗ ನೇರ ಆಸ್ಪತ್ರೆಗೇ ಹೋಗಬೇಕು.

ವರದಿಯನ್ನು ಓದುವುದು

ರಕ್ತಪರೀಕ್ಷೆಯ ಕಾಗದ ಕೈಗೆ ಬಂದಾಗ ಹೆಚ್ಚಿನವರು ನೋಡುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಯನ್ನು. ಆ ಅಂಕಿ ಏನನ್ನು ಅಳೆಯುತ್ತದೆಂದು ತಿಳಿಯದೆ ಹೆದರುವುದೂ ತಪ್ಪು, ನಿಶ್ಚಿಂತರಾಗುವುದೂ ತಪ್ಪು.

ಇ.ಎಸ್.ಆರ್. ಎಂದರೆ ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬ ಲೆಕ್ಕ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಹೆಚ್ಚಾಗಿ, ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ರಕ್ತಹೀನತೆ, ಗರ್ಭ, ವಯಸ್ಸು ಇವೂ ಈ ಅಂಕಿಯನ್ನು ಏರಿಸುತ್ತವೆ. ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅದರ ಅರ್ಧ ಎಂಬುದು ಮೇಲಿನ ಮಿತಿಯ ಒರಟು ಲೆಕ್ಕ. ಅಂದರೆ ಅರವತ್ತು ವರ್ಷದ ಮಹಿಳೆಗೆ 35 ಇದ್ದರೆ ಗಾಬರಿಯಾಗಬೇಕಿಲ್ಲ.

ಸಿ.ಆರ್.ಪಿ. ಇದಕ್ಕಿಂತ ಚುರುಕು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಅವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಕೊಂಡ ಈ ಪ್ರೋಟೀನನ್ನು, ಇಂಟರ್‌ಲ್ಯೂಕಿನ್-6ರ ಸೂಚನೆ ಸಿಕ್ಕ ಕೆಲವೇ ಗಂಟೆಗಳಲ್ಲಿ ಯಕೃತ್ತು ಸುರಿಸತೊಡಗುತ್ತದೆ. ಉರಿಯೂತ ತಣಿದರೆ ಕೆಲವೇ ದಿನಗಳಲ್ಲಿ ಅದು ಇಳಿದುಬಿಡುತ್ತದೆ. ಇಲ್ಲಿ ಅಳತೆಯ ಮಾನವನ್ನು ತಪ್ಪದೆ ನೋಡಿ. ಕೆಲವು ಪ್ರಯೋಗಾಲಯಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದರೆ, ಕೆಲವು ಡೆಸಿಲೀಟರಿಗೆ ಬರೆಯುತ್ತವೆ. ಎರಡರ ನಡುವೆ ಹತ್ತು ಪಟ್ಟಿನ ಅಂತರ. ಹೋದ ತಿಂಗಳು 24 ಇದ್ದದ್ದು ಈ ತಿಂಗಳು 2.4 ಆಯಿತೆಂದು ಸಿಹಿ ಹಂಚುವ ಮೊದಲು, ಪ್ರಯೋಗಾಲಯ ಬದಲಾಗಿದೆಯೇ ಎಂದು ನೋಡಿಕೊಳ್ಳಬೇಕು.

ಈ ಎರಡೂ ಉರಿಯೂತ ಇದೆಯೆಂದು ಹೇಳುತ್ತವೆಯೇ ಹೊರತು ಯಾವುದರಿಂದ ಎಂದು ಹೇಳುವುದಿಲ್ಲ. ಆರ್.ಎ. (ರುಮಟಾಯ್ಡ್ ಸಂಧಿವಾತದ ಇಂಗ್ಲಿಷ್ ಹೆಸರಿನ ಸಂಕ್ಷೇಪ) ಫ್ಯಾಕ್ಟರ್ ಎಂಬ ಪರೀಕ್ಷೆಯ ಹೆಸರೇ ಮೋಸದ್ದು: ಕ್ಷಯ, ಹೆಪಟೈಟಿಸ್ ಸಿ ಮೊದಲಾದ ದೀರ್ಘಕಾಲದ ಸೋಂಕುಗಳಲ್ಲಿ, ಆರೋಗ್ಯವಂತ ವೃದ್ಧರಲ್ಲಿ ಕೂಡ ಅದು ಪಾಸಿಟಿವ್ ಬರುತ್ತದೆ, ಕಾಯಿಲೆ ಇದ್ದವರಲ್ಲೂ ಐವರಲ್ಲಿ ಒಬ್ಬರಿಗಾದರೂ ನೆಗೆಟಿವ್ ಬರುತ್ತದೆ. ಸಿಟ್ರುಲಿನ್ ವಿರುದ್ಧದ ಪ್ರತಿಕಾಯವನ್ನು ಅಳೆಯುವ ಆಂಟಿ-ಸಿ.ಸಿ.ಪಿ. ಹೆಚ್ಚು ನಂಬಲರ್ಹವಾದದ್ದು. ಕೀಲು ಊದದೆ, ನೋಯದೆ, ಸುಮ್ಮನೆ ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬಂದು ನಿದ್ದೆಗೆಟ್ಟವರನ್ನು ನಾನು ಬಲ್ಲೆ. ಅಂಥ ಪ್ಯಾಕೇಜಿನಲ್ಲಿ ಅದನ್ನು ಸೇರಿಸುವುದೇ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಹಿಮೋಗ್ಲೋಬಿನ್ ಅಂಕಿಯನ್ನೂ ಓದಿ. ದೀರ್ಘಕಾಲದ ಉರಿಯೂತದಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ತಯಾರಿಸಿ, ದೇಹದಲ್ಲಿರುವ ಕಬ್ಬಿಣವನ್ನು ಕಣಜದಲ್ಲಿಟ್ಟು ಬೀಗ ಹಾಕಿದಂತೆ ಮಾಡುತ್ತದೆ. ರೋಗಾಣುಗಳಿಗೆ ಕಬ್ಬಿಣ ಸಿಗದಿರಲೆಂಬ ಹಳೆಯ ಯುದ್ಧತಂತ್ರವದು. ಹಾಗಾಗಿ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ, ರಕ್ತಹೀನತೆ ಕಬ್ಬಿಣದ ಕೊರತೆಯಿಂದಲೋ ಉರಿಯೂತದಿಂದಲೋ ಎಂದು ವೈದ್ಯರನ್ನು ಕೇಳುವುದು ಯೋಗ್ಯ.

ಮೊದಲ ಮೂರು ತಿಂಗಳು

ನನ್ನ ಚಿಕ್ಕಮ್ಮ ಒಂದೂವರೆ ವರ್ಷ ಔಷಧಿ ಅಂಗಡಿಯ ನೋವಿನ ಮಾತ್ರೆಯಲ್ಲೇ ಕಳೆದರು. ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆಗೆ ಸೇರಿದ ಮೇಲೆ ಕೈಯ ಎಕ್ಸ್-ರೇ ತೆಗೆದರು. ಅಷ್ಟರಲ್ಲಿ ಮಣಿಕಟ್ಟಿನ ಮೂಳೆಗಳು ಇಲಿ ಕಡಿದಂತಾಗಿದ್ದವು. ಚಿಕಿತ್ಸೆಯಿಂದ ನೋವು ಹೋಯಿತು, ಆದರೆ ಚಪಾತಿ ಹಿಟ್ಟು ನಾದುವ ಕೈ ಹಿಂತಿರುಗಲಿಲ್ಲ. ಲಕ್ಷಣ ಕಂಡು ಮೂರು ತಿಂಗಳೊಳಗೆ ಮೂಲ ಚಿಕಿತ್ಸೆ ಆರಂಭವಾಗಬೇಕೆಂದು ತಜ್ಞರು ಒತ್ತಿ ಹೇಳುವುದು ಈ ಕಾರಣಕ್ಕೇ. ಈ ಕಾಯಿಲೆಯ ತಜ್ಞರಾದ ರುಮಟಾಲಜಿಸ್ಟ್‌ಗಳು ದೊಡ್ಡ ನಗರಗಳಲ್ಲೇ ಹೆಚ್ಚು. ಹತ್ತಿರದಲ್ಲಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಫಿಸಿಷಿಯನ್ ಅವರನ್ನು ಮೊದಲು ಕಾಣಬಹುದು. ಆರಂಭದಲ್ಲಿ ಎಕ್ಸ್-ರೇ ಸಹಜವಾಗಿಯೇ ಇರಬಹುದು. ಅದನ್ನು ಕಂಡು ಏನೂ ಇಲ್ಲವೆಂದು ಮನೆಗೆ ಮರಳಬೇಡಿ.

ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ದೂರವಿರಿ. ಎರಡೇ ದಿನದಲ್ಲಿ ಪವಾಡದಂತೆ ನೋವು ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಾಧ್ಯತೆಯನ್ನು ಮೊದಲು ಅನುಮಾನಿಸಬೇಕು.

ವಾರಕ್ಕೊಮ್ಮೆಯ ಮಾತ್ರೆ

ಈ ಕಾಯಿಲೆಯ ಮೊದಲ ಔಷಧಿ ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್. ಅಂತರ್ಜಾಲದಲ್ಲಿ ಹುಡುಕಿದವರಿಗೆ ಇದು ಕ್ಯಾನ್ಸರಿನ ಔಷಧಿಯೆಂದು ಕಾಣಿಸಿ ಎದೆ ಧಸಕ್ಕೆನ್ನುತ್ತದೆ. ಕ್ಯಾನ್ಸರಿಗೆ ಬಳಸುವ ಪ್ರಮಾಣವೇ ಬೇರೆ. ಇಲ್ಲಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ, ಅದೂ ಕೆರಳಿದ ರೋಗನಿರೋಧಕ ಕೋಶಗಳನ್ನು ತಣಿಸುವುದಕ್ಕೆ.

ವಾರಕ್ಕೆ ಎಂಬ ಪದವನ್ನು ಮನೆಯವರೆಲ್ಲರೂ ಗಟ್ಟಿಮಾಡಿಕೊಳ್ಳಬೇಕು. ಉಳಿದೆಲ್ಲ ಮಾತ್ರೆಗಳಂತೆ ಇದನ್ನೂ ದಿನಕ್ಕೊಂದು ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ, ಜಗತ್ತಿನ ಹಲವು ದೇಶಗಳಲ್ಲಿ. ವಾರದ ಒಂದು ದಿನವನ್ನು ಆರಿಸಿ, ಆ ದಿನದ ಹೆಸರನ್ನು ವೈದ್ಯರಿಂದಲೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಮಾತ್ರೆಯ ಸ್ಟ್ರಿಪ್ ಮೇಲೂ ಪೆನ್ನಿನಿಂದ ಬರೆಯಿರಿ. ಮಾತ್ರೆಯನ್ನು ದಿನನಿತ್ಯದ ಡಬ್ಬಿಯಲ್ಲಿಡದೆ ಬೇರೆ ಕಡೆ ಇಡಿ. ನುಂಗಿದೊಡನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾತ್ರೆಗಳು 2.5, 5, 7.5, 10 ಮಿಲಿಗ್ರಾಂ ಹೀಗೆ ಹಲವು ಬಲದಲ್ಲಿ ಬರುವುದರಿಂದ ಅಂಗಡಿಯವರು ಬೇರೆ ಬಲದ್ದು ಕೊಟ್ಟರೆ ಎಣಿಕೆ ತಪ್ಪುತ್ತದೆ. ಮಾತ್ರೆಗಳ ಸಂಖ್ಯೆಯನ್ನಲ್ಲ, ಒಟ್ಟು ಮಿಲಿಗ್ರಾಂ ಅನ್ನು ನೆನಪಿಡಿ. ಬಾಯಲ್ಲಿ ಹುಣ್ಣು, ಗಂಟಲು ನೋವಿನೊಡನೆ ಜ್ವರ, ಚರ್ಮದ ಮೇಲೆ ಕಾರಣವಿಲ್ಲದ ರಕ್ತದ ಕಲೆ ಕಂಡರೆ ಮುಂದಿನ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು. ತಪ್ಪಿ ದಿನವೂ ನುಂಗಿದ್ದರೆ ಲಕ್ಷಣಕ್ಕಾಗಿ ಕಾಯಬಾರದು. ಫೋಲಿನಿಕ್ ಆಮ್ಲ ಎಂಬ ಪ್ರತ್ಯೌಷಧ ಆಸ್ಪತ್ರೆಯಲ್ಲಿರುತ್ತದೆ.

ಜೊತೆಗೆ ಕೊಡುವ ಫೋಲಿಕ್ ಆಮ್ಲ ಅಲಂಕಾರಕ್ಕಲ್ಲ; ಓಕರಿಕೆ, ಬಾಯಿಹುಣ್ಣು, ಯಕೃತ್ತಿನ ತೊಂದರೆಗಳನ್ನು ಅದು ಕಡಿಮೆ ಮಾಡುತ್ತದೆ. ಸಾಮಾನ್ಯವಾಗಿ ಅದನ್ನು ಮೆಥೊಟ್ರೆಕ್ಸೇಟ್ ಇಲ್ಲದ ದಿನ ಕೊಡುತ್ತಾರೆ. ರಕ್ತಕಣಗಳು, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ಮೊದಲು ಕೆಲವು ವಾರಗಳಿಗೊಮ್ಮೆ, ನಂತರ ಎರಡು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಮದ್ಯ ಬಿಡುವುದು ಲೇಸು. ಮೂತ್ರದ ಸೋಂಕಿಗೆಂದು ಬೇರೆ ವೈದ್ಯರು ಕೋ-ಟ್ರೈಮೊಕ್ಸಜೋಲ್ ಎಂಬ ಪ್ರತಿಜೈವಿಕವನ್ನು ಬರೆದರೆ ನಿಮ್ಮ ಮೆಥೊಟ್ರೆಕ್ಸೇಟ್ ವಿಷಯ ಹೇಳಿ. ಎರಡೂ ಕೂಡಿದರೆ ಮೂಳೆಮಜ್ಜೆ ಕುಸಿಯಬಹುದು.

ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ಮಗು ಬೇಕೆಂದಿರುವವರು ಮೊದಲೇ ಹೇಳಿದರೆ ವೈದ್ಯರು ಕೆಲವು ತಿಂಗಳು ಮುಂಚಿತವಾಗಿ ಇದನ್ನು ನಿಲ್ಲಿಸಿ, ಗರ್ಭಾವಸ್ಥೆಯಲ್ಲೂ ಬಳಸಬಹುದಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಅಥವಾ ಸಲ್ಫಸಲಜಿನ್‌ಗೆ ಬದಲಾಯಿಸುತ್ತಾರೆ. ಮದುವೆಯಾದ ಹೆಣ್ಣುಮಕ್ಕಳು ಈ ಮಾತನ್ನು ಅತ್ತೆಯ ಎದುರು ಹೇಳಲು ಸಂಕೋಚಪಡುವುದುಂಟು. ಬೇಕಿದ್ದರೆ ವೈದ್ಯರನ್ನು ಒಬ್ಬರೇ ಕಾಣಲು ಕೇಳಿಕೊಳ್ಳಿ.

ಔಷಧಿ ಕೆಲಸ ಮಾಡಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಈ ನಡುವಿನ ಕಾಲಕ್ಕೆ ಸೇತುವೆಯಾಗಿ ಸಣ್ಣ ಪ್ರಮಾಣದ ಸ್ಟೆರಾಯ್ಡ್ ಕೊಡುವುದುಂಟು. ಅದರ ಕಥೆ ಸ್ವಾರಸ್ಯದ್ದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್, ಸಂಧಿವಾತದ ರೋಗಿಗಳಿಗೆ ಕಾಮಾಲೆಯಾದಾಗ, ಹೆಂಗಸರು ಗರ್ಭ ಧರಿಸಿದಾಗ ನೋವು ತಗ್ಗುವುದನ್ನು ಗಮನಿಸಿ, ದೇಹದ್ದೇ ಯಾವುದೋ ಪದಾರ್ಥ ಇದಕ್ಕೆ ಕಾರಣವೆಂದು ಊಹಿಸಿದರು. 1948ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಕಾರ್ಟಿಸೋನ್ ಚುಚ್ಚಿಸಿಕೊಂಡ ಯುವತಿ ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಶ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ಹೆಚ್ಚು ಕಾಲ ಕೊಟ್ಟಾಗ ಮುಖ ಊದಿ, ಸಕ್ಕರೆ ಏರಿ, ಮೂಳೆ ಪೊಳ್ಳಾಗುವುದೂ ಬೇಗನೆ ತಿಳಿಯಿತು. ಹಾಗಾಗಿ ಸ್ಟೆರಾಯ್ಡ್ ಎಷ್ಟು ವಾರ, ಯಾವಾಗ ಇಳಿಸುವುದು ಎಂದು ಆರಂಭದ ದಿನವೇ ಕೇಳಿ. ಹಲವು ವಾರ ಸೇವಿಸಿದ ಮೇಲೆ ಥಟ್ಟನೆ ನಿಲ್ಲಿಸುವುದೂ ಅಪಾಯ.

ಚುಚ್ಚುಮದ್ದಿಗೆ ಮೊದಲು ಕ್ಷಯದ ಪರೀಕ್ಷೆ

ಮಾತ್ರೆಗಳಿಗೆ ಬಗ್ಗದ ಕಾಯಿಲೆಗೆ ಟಿ.ಎನ್.ಎಫ್. ತಡೆಯುವ ಚುಚ್ಚುಮದ್ದುಗಳಿವೆ. 1990ರ ದಶಕದಲ್ಲಿ ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ಕೆಲಸದಿಂದ ಈ ಚಿಕಿತ್ಸೆ ಬಂತು. ಉರಿಯೂತಕ್ಕೆ ಎರಡು ಮುಖವಿರುವುದು ಸ್ಪಷ್ಟವಾಗಿ ಕಾಣುವುದು ಇಲ್ಲೇ. ಎಂದೋ ಒಳಸೇರಿ ಮಲಗಿರುವ ಕ್ಷಯದ ರೋಗಾಣುಗಳ ಸುತ್ತ ಬಿಳಿ ರಕ್ತಕಣಗಳ ಕೋಟೆ ಕಟ್ಟಿ ಕಾಯುವುದೂ ಇದೇ ಟಿ.ಎನ್.ಎಫ್.; ಕೀಲಿನ ಹಿತಕ್ಕೆ ಅದನ್ನು ತಡೆದರೆ ಶ್ವಾಸಕೋಶದ ಕೋಟೆ ಬಿರುಕು ಬಿಡುತ್ತದೆ. ಕ್ಷಯ ಇಷ್ಟೊಂದು ಇರುವ ನಮ್ಮ ದೇಶದಲ್ಲಿ, ಎದೆಯ ಎಕ್ಸ್-ರೇ ಜೊತೆಗೆ ಚರ್ಮದ ಮೇಲೆ ಮಾಡುವ ಮಾಂಟು ಅಥವಾ ರಕ್ತದಲ್ಲಿ ಮಾಡುವ ಇಗ್ರಾ ಪರೀಕ್ಷೆ ಮಾಡಿಸದೆ ಮೊದಲ ಚುಚ್ಚುಮದ್ದು ತೆಗೆದುಕೊಳ್ಳಬಾರದು. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯವಿದ್ದರೆ ಮುಚ್ಚಿಡದೆ ಹೇಳಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಬೇಕು. ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ಸಾಧ್ಯವಾದರೆ ಮುಂಚೆಯೇ ಹಾಕಿಸಿಕೊಳ್ಳುವುದು ಒಳ್ಳೆಯದು. ಜೀವಂತ ರೋಗಾಣುವಿನ ಲಸಿಕೆಗಳು ಈ ಚಿಕಿತ್ಸೆಯ ನಡುವೆ ನಿಷಿದ್ಧ.

ಕೀಲಿನಾಚೆಗೆ

ರಕ್ತದಲ್ಲಿ ಹರಿಯುವ ಟಿ.ಎನ್.ಎಫ್., ಇಂಟರ್‌ಲ್ಯೂಕಿನ್‌ಗಳು ಕೀಲಿಗಷ್ಟೇ ಸೀಮಿತವಾಗಿರುವುದಿಲ್ಲ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ಒಡೆಯುವುದೂ ಒಂದು ಉರಿಯೂತವೇ. ಅದಕ್ಕಾಗಿ ಈ ಕಾಯಿಲೆ ಇರುವವರಲ್ಲಿ ಹೃದಯಾಘಾತದ ಸಾಧ್ಯತೆ ಇತರರಿಗಿಂತ ಸುಮಾರು ಒಂದೂವರೆ ಪಟ್ಟು. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಬೀಡಿ, ಸಿಗರೇಟು ಬಿಡುವುದರಿಂದ ಹೃದಯಕ್ಕೂ ಕೀಲಿಗೂ ಒಟ್ಟಿಗೆ ಲಾಭ. ಹೊಗೆ ಸೇದುವವರಲ್ಲಿ ಮೆಥೊಟ್ರೆಕ್ಸೇಟ್ ಕೂಡ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ವಸಡಿನಿಂದ ರಕ್ತ ಬರುತ್ತಿದ್ದರೆ ದಂತವೈದ್ಯರನ್ನು ಕಾಣಿ. ಬದನೆಕಾಯಿ, ಆಲೂಗಡ್ಡೆ, ಹುಳಿ ಬಿಟ್ಟರೆ ಸಂಧಿವಾತ ಹೋಗುತ್ತದೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಪಥ್ಯದ ಹೆಸರಿನಲ್ಲಿ ಊಟ ಬಿಟ್ಟು ಸೊರಗುವುದು ಬೇಡ. ಕೀಲು ಊದಿದ ದಿನ ವಿಶ್ರಾಂತಿ, ಇಳಿದ ದಿನ ವ್ಯಾಯಾಮ. ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸುವುದು ಬೆಳಗಿನ ಬಿಗಿತಕ್ಕೆ ಒಳ್ಳೆಯದು.

ಆರೆಂಟು ತಿಂಗಳು ಕಳೆದು ನೋವು ಪೂರ್ತಿ ಹೋದಾಗ ಎಲ್ಲರಿಗೂ ಬರುವ ಯೋಚನೆ ಒಂದೇ: ಇನ್ನೇಕೆ ಮಾತ್ರೆ? ಆ ಯೋಚನೆ ಬಂದ ದಿನ ಹಳೆಯ ಪುಸ್ತಕ ತೆಗೆದು, ಮತ್ತೆ ಒಂದು ವಾರ ಬೆಳಗಿನ ಬಿಗಿತದ ನಿಮಿಷಗಳನ್ನೂ ಊದಿದ ಗೆಣ್ಣುಗಳ ಸಂಖ್ಯೆಯನ್ನೂ ಬರೆದು, ಹೊಸ ಇ.ಎಸ್.ಆರ್., ಸಿ.ಆರ್.ಪಿ. ವರದಿಯೊಂದಿಗೆ ವೈದ್ಯರ ಮುಂದಿಡಿ. ಅವರೂ ನಿಮ್ಮ ಕೈಕಾಲಿನ ಕೀಲುಗಳನ್ನು ಒಂದೊಂದಾಗಿ ಒತ್ತಿ ಎಣಿಸಿ ನೋಡುತ್ತಾರೆ. ಎಲ್ಲವೂ ತಿಂಗಳುಗಳ ಕಾಲ ಶಾಂತವಾಗಿಯೇ ಉಳಿದಿದ್ದರೆ ಮೊದಲು ಸ್ಟೆರಾಯ್ಡ್ ಹೋಗುತ್ತದೆ. ಉಳಿದವನ್ನು ಮುಟ್ಟುವುದು ಅದರ ನಂತರ, ಒಂದು ಬಾರಿಗೆ ಒಂದನ್ನು, ಸ್ವಲ್ಪ ಸ್ವಲ್ಪವಾಗಿ. ಔಷಧಿ ಇಳಿಸುವ ತಿಂಗಳುಗಳಲ್ಲಿ ಬೆಳಗಿನ ಬಿಗಿತ ಹತ್ತು ನಿಮಿಷದಿಂದ ನಲವತ್ತಕ್ಕೆ ಏರಿದ್ದು ಪುಸ್ತಕದಲ್ಲಿ ಕಂಡರೆ, ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಫೋನ್ ಮಾಡಿ.